ಉಡದ ಬೋರೆಯ ಅರವತ್ತು ಹೆಜ್ಜೆ

"ಒಂದು ದಿನ ಕೊಡಿ ಸಾ. ಬೆಳಿಗ್ಗೆ ಓಗಿ ಸಂಜೆ ಒಳಗೆ ಬಂದ್ಬುಡಣ. ಅಪ್ಪ ಇಟ್ಟಿರೋ ಕೊನೇ ಡಬ್ಬಿ ಹುಡುಕ್ಬೇಕು."

ಮಾಂಬಳ್ಳಿಯ ಮನೆಯ ಜಗಲಿಯಲ್ಲಿ ಬೂಟಿಗೆ ದಾರ ಪೋಣಿಸುತ್ತಿದ್ದ ಲೈನ್‌ಮನ್ ದೇವರಾಜು ತಲೆ ಎತ್ತಿದ. ಎದುರಿಗೆ ಮುತ್ತಯ್ಯನ ಮಗಳು ಪ್ರೇಮಾ. ಚಿಕ್ಕವಳಿದ್ದಾಗ 'ಮಾವ, ಮಾವ' ಎಂದು ಹೆಗಲೇರುತ್ತಿದ್ದವಳು ಈಗ ಹನೂರಿನಲ್ಲಿ ನರ್ಸು. ಅವಳ ಬಾಯಲ್ಲಿ ಈಗ ಅವನು ಬರೀ 'ಸಾ'. ಅದಕ್ಕೆ ಅವನೇನು ಹೇಳಿಯಾನು? ಮೂರು ತಿಂಗಳ ಕೆಳಗೆ ಮುತ್ತಯ್ಯನ ಮಣ್ಣಿಗೆ ಹೋಗಿ, ಬೇಲಿಯಾಚೆಯೇ ನಿಂತು ಬಂದವನು ಅವನು.

ಡಬ್ಬಿ ಎಂದರೆ ಏನು ಅಂತ ಹೇಳಿಬಿಡಬೇಕು. ಮುತ್ತಯ್ಯನಿಗೆ ಕೊಳ್ಳೇಗಾಲದಲ್ಲಿ ರಬ್ಬರ್ ಸೀಲು ಮಾಡುವ ಅಂಗಡಿ. ಯಾವನೋ ಬೆಟ್ಟ ಸುತ್ತುವ ಪರಸ್ಥಳದವನು ಸೀಲು ಮಾಡಿಸಲು ಬಂದು ಒಂದು ಆಟ ಹೇಳಿಕೊಟ್ಟು ಹೋದ. ಬೆಟ್ಟದ ದಾರಿಯಲ್ಲಿ ಒಂದು ಡಬ್ಬಿ ಬಚ್ಚಿಡಬೇಕು. ಒಳಗೊಂದು ಪುಸ್ತಕ, ಒಂದು ಸೀಲು. ದಾರಿಯ ಗುರುತನ್ನು ಚೀಟಿಯಲ್ಲಿ ಬರೆದು ಗೆಳೆಯನಿಗೆ ಕೊಡಬೇಕು. ಹುಡುಕಿದವನು ತನ್ನ ಸೀಲನ್ನು ಡಬ್ಬಿಯ ಪುಸ್ತಕಕ್ಕೂ, ಡಬ್ಬಿಯ ಸೀಲನ್ನು ತನ್ನ ಪುಸ್ತಕಕ್ಕೂ ಒತ್ತಿ, ಇದ್ದ ಕಡೆಯೇ ಇಟ್ಟು ಬರಬೇಕು. ಅಷ್ಟೇ. ಅಷ್ಟಕ್ಕೇ ಇಬ್ಬರಿಗೂ ಹುಚ್ಚು ಹಿಡಿಯಿತು. ಮುತ್ತಯ್ಯ ಸವೆದ ಹವಾಯಿ ಚಪ್ಪಲಿಯ ರಬ್ಬರು ಕೊರೆದು ತನಗೊಂದು ಮುಳ್ಳುಹಂದಿ ಮಾಡಿಕೊಂಡ. ಕಂಬ ಹತ್ತುವ ದೇವರಾಜುವಿಗೆ ಮರಕುಟಿಗ. ದೂರ ಅಳೆಯಲು ಮಾಂಬಳ್ಳಿ ಕೆರೆ ಏರಿಯ ಮೇಲೆ ಟೇಪು ಹಿಡಿದು ನಡೆದು ನೋಡಿದ್ದರು. ಇಬ್ಬರದೂ ಒಂದೇ ಹೆಜ್ಜೆ, ಎರಡೂವರೆ ಅಡಿ.

ಒಂಬತ್ತು ವರ್ಷದ ಕೆಳಗೆ ಹೂಗ್ಯಂ ಕಡೆಯ ಗುಡ್ಡದಲ್ಲಿ ಆಟ ನಿಂತಿತು. "ಸುತ್ತಾಕೊಂಡು ಇಳಿಯಣ ಕಣ್ಲಾ" ಅಂದಿದ್ದ ಮುತ್ತಯ್ಯ. "ಪುಕ್ಲ ನೀನು" ಅಂತ ನಕ್ಕು ದೇವರಾಜು ನೇರ ಬಂಡೆಗಿಳಿದ. ಹಿಂದೆ ಬಂದ ಮುತ್ತಯ್ಯ ಬಿದ್ದ. ತೊಡೆಯ ಮೂಳೆ ಮುರಿಯಿತು. ರಸ್ತೆಯವರೆಗೂ ದೇವರಾಜುವೇ ಹೊತ್ತು ತಂದ. ಒಂದು ವಾರ ಆಸ್ಪತ್ರೆಗೂ ಹೋದ. 'ಕಾಲು ಗಿಡ್ಡವಾಗುತ್ತೆ' ಎಂದು ಡಾಕ್ಟರು ಹೇಳಿದ ದಿನದಿಂದ ಹೋಗಲಿಲ್ಲ. ಮೊದಮೊದಲು ಮುಖ ತೋರಿಸಲು ನಾಚಿಕೆ. ಆಮೇಲೆ ಇಷ್ಟು ದಿನ ಹೋಗಲಿಲ್ಲವಲ್ಲ ಎಂಬುದೇ ನಾಚಿಕೆ. ಕೊಳ್ಳೇಗಾಲದ ಬಸ್ಸಿನಲ್ಲಿ ಮುತ್ತಯ್ಯನ ತಲೆ ಕಂಡರೆ ಸಾಕು, ಆ ಬಸ್ಸು ಬಿಟ್ಟು ಮುಂದಿನದಕ್ಕೆ ನಿಲ್ಲುತ್ತಿದ್ದ.

"ಅಪ್ಪ ವರ್ಸ ವರ್ಸ ಸಂಕ್ರಾಂತಿ ಆದ್ಮೇಲೆ ಕಾಲು ಎಳ್ಕೊಂಡು ಎಲ್ಲಿಗೋ ಓಗಿ ಬರೋರು. ಯಾಕೆ ಅಂತ ಅವ್ವ ಇನ್ನೂ ಕೇಳ್ತಾಳೆ" ಅಂದಳು ಪ್ರೇಮಾ. "ಅವ್ರ ಪುಸ್ತಕದಲ್ಲಿ 'ಕೊನೇ ಡಬ್ಬಿ, ಚೀಟಿ ದೇವನ ಹತ್ರ' ಅಂತದೆ."

ದೇವರಾಜು ಒಳಗೆ ಹೋಗಿ ಟೂಲ್ ಬ್ಯಾಗಿನ ತಳದಿಂದ ಒಂದು ಕವರು ತಂದ. ಬಿದ್ದ ಮರುವರ್ಷ ಮುತ್ತಯ್ಯ ಅಂಚೆಯಲ್ಲಿ ಕಳಿಸಿದ್ದು. ಅಂಟು ಬಿಟ್ಟಿರಲಿಲ್ಲ.

"ಎಂಟು ವರ್ಸ ಒಡ್ದೇ ಇಲ್ವಾ?"

"ಬೈದು ಬರ್ದಿರ್ತಾನೆ ಅನ್ಕೊಂಡಿದ್ದೆ ಕನವ್ವ."

ಬೈದಿರಲಿಲ್ಲ. ಶಾಗ್ಯದ ಹಿಂದಿನ ಗುಡ್ಡ, ಉಡದ ಬೋರೆ. ನೆತ್ತಿಯ ಸೀಳುಬಂಡೆಗೆ ಬೆನ್ನು ಕೊಟ್ಟು ನಿಲ್ಲು. ಸೂರ್ಯ ಮುಳುಗುವ ಕಡೆಗೆ ಅರವತ್ತು ಹೆಜ್ಜೆ. ಬಲಗಡೆ, ಮೊಣಕಾಲೆತ್ತರದಲ್ಲಿ ಬಿರುಕು. ಅಷ್ಟೇ.

ಭಾನುವಾರ ಹತ್ತು ಗಂಟೆಗೆಲ್ಲ ಇಬ್ಬರೂ ಶಾಗ್ಯದಲ್ಲಿದ್ದರು. ದಾರಿ ತೋರಿಸಲು ಆಡು ಮೇಯಿಸುವ ದೊಡ್ಡಮಾದಮ್ಮ ಸಿಕ್ಕಳು. ಮುತ್ತಯ್ಯನನ್ನು ವರ್ಷ ವರ್ಷ ಹತ್ತಿಸುತ್ತಿದ್ದವಳೂ ಅವಳೇ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಸೊಪ್ಪು ಕೀಳುವ, ತುದಿಗೆ ಕೊಕ್ಕೆಯಿದ್ದ ಉದ್ದನೆಯ ದೋಟಿ.

"ಡಬ್ಬಿ ಬಚ್ಚಿಡೋದು, ಆಮೇಲೆ ನೀವೇ ಹುಡ್ಕೋದು! ಮನೇಲಿ ಕೆಲ್ಸ ಇಲ್ವಾ ನಿಮ್ಗೆ?" ಎಂದು ನಕ್ಕಳು. "ನಡೀರಿ. ನಾಕೂವರೆ ಒಳಗೆ ಇಳೀಬೇಕು. ಆಮೇಲೆ ಕೆಳಗಿನ ಕಟ್ಟೆಗೆ ಆನೆ ಬತ್ತವೆ."

ಬೋರೆಯ ಬುಡದಲ್ಲಿ ರಾಗಿಯ ಹೊಲಗಳು ಮುಗಿದು ಕುರುಚಲು ಶುರುವಾಯಿತು. ಮೇಲೆ ಹೋದಷ್ಟೂ ಲಂಟಾನದ ಪೊದೆ ದಾರಿಯನ್ನು ಎರಡೂ ಕಡೆಯಿಂದ ಹಿಸುಕುತ್ತಿತ್ತು. ಅದರ ನಡುವೆ ಅಲ್ಲಲ್ಲಿ ಒಂಟಿ ನೆಲ್ಲಿ ಮರ, ಬಿಸಿಲಿಗೆ ಬೆಳ್ಳಗೆ ಮಿಂಚುವ ದಿಂಡುಗ. ತಿರುಗಿ ನೋಡಿದರೆ ಊರಿನ ಹೆಂಚುಗಳು ಕೆಂಪು ಚುಕ್ಕೆಗಳಾಗಿದ್ದವು. ಅದರಾಚೆ ಒಂದರ ಹಿಂದೊಂದು ನೀಲಿ ಬೆಟ್ಟ. ಈ ದಾರಿಯನ್ನು ಗಿಡ್ಡ ಕಾಲಿನವನು ಎಂಟು ಸಲ ಹತ್ತಿದ್ದಾನೆ ಎಂಬ ಲೆಕ್ಕ ದೇವರಾಜುವಿನ ತಲೆಯಿಂದ ಹೋಗಲೊಲ್ಲದು. ಅವನಿಗೇ ಉಬ್ಬಸ ಬರುತ್ತಿತ್ತು.

ಎರಡು ಗಂಟೆಗೆ ನೆತ್ತಿ ಸಿಕ್ಕಿತು. ಸೀಳುಬಂಡೆಗೆ ಬೆನ್ನು ಕೊಟ್ಟು ದೇವರಾಜು ಎಣಿಸುತ್ತಾ ನಡೆದ. ನಲವತ್ತು. ಐವತ್ತು. ನೆಲ ಜಾರು. ಎದುರಿಗೆ ಲಂಟಾನ. ಪೊದೆ ಸರಿಸಿ ಕಾಲಿಟ್ಟ. ಐವತ್ತೆಂಟು.

ಕಾಲ ಕೆಳಗೆ ನೆಲವೇ ಇರಲಿಲ್ಲ.

ಪೊದೆ ಕಿತ್ತು ಬಂತು. ಎದೆ ಬಂಡೆಗೆ ಉಜ್ಜಿತು. ಕೈಗೆ ಒಂದು ಬೇರು ಸಿಕ್ಕಿತು, ಹಿಡಿದ. ಕೆಳಗೆ ತೆಂಗಿನಮರದಷ್ಟು ಆಳ. ಒಂದು ಕಲ್ಲು ಉರುಳಿ, ಬಹಳ ಹೊತ್ತಿನ ಮೇಲೆ ಸದ್ದು ಮಾಡಿತು.

"ಅಳ್ಳಾಡ್ಬ್ಯಾಡ!" ದೊಡ್ಡಮಾದಮ್ಮ ಮಲಗಿಕೊಂಡು ದೋಟಿ ಚಾಚಿದಳು. "ಕೊಕ್ಕೆ ಬೆಲ್ಟಿಗಾಕ್ಕೊ!"

ಒಂದು ಕೈ ಬಿಟ್ಟ. ಕೊಕ್ಕೆ ಸಿಕ್ಕಿಸಿದ. ಪ್ರೇಮಾ ಮುದುಕಿಯ ಸೊಂಟ ಹಿಡಿದು ಎಳೆದಳು. ಕಂಬ ಹತ್ತಿದ ಕಾಲುಗಳು ಬಂಡೆಯಲ್ಲೊಂದು ಹಲ್ಲು ಹುಡುಕಿಕೊಂಡವು. ಮೇಲೆ ಬಂದು ಬಿದ್ದ.

ಪ್ರೇಮಾ ಅವನ ಮೊಣಕೈಯ ಗಾಯ ತೊಳೆದಳು.

"ಆ ಸೀಲಿನಪ್ಪ ಇಲ್ಲಿಗಂಟ ಎಲ್ಲಿ ಬತ್ತಿದ್ದ?" ದೊಡ್ಡಮಾದಮ್ಮ ಏದುಸಿರಿನಲ್ಲೇ ಗದರಿದಳು. "ಇಡೋವಾಗ 'ಆಕಡೀಕೆ ತಿರುಕ್ಕೊ ಅಕ್ಕಾ' ಅನ್ನೋನು, ಜಾಗ ನಾ ಕಾಣೆ. ಆದ್ರೆ ಈಟು ದೂರ ಬರ್ನಿಲ್ಲ. ಅವ್ನ ನಡಿಗೆ ನೀ ಕಂಡಿಲ್ವಾ? ನೋಡು."

ಎದ್ದು ತೋರಿಸಿದಳು. ಬಲಗಾಲು ಮುಂದಿಟ್ಟು, ಸೊಂಟ ಎತ್ತಿ, ಎಡಗಾಲನ್ನು ಎಳೆದು ಬಲಗಾಲಿನ ಪಕ್ಕಕ್ಕೆ ತಂದಳು. ಮತ್ತೆ ಬಲಗಾಲು.

ದೇವರಾಜು ಕಂಡಿರಲಿಲ್ಲ. ಒಂದು ದಿನವೂ ನಿಂತು ನೋಡಿರಲಿಲ್ಲ. ಅವನ ಎಣಿಕೆಯಲ್ಲಿ ಮುತ್ತಯ್ಯ ಇನ್ನೂ ಕೆರೆ ಏರಿಯ ಮೇಲೆ ಬೀಸುಗಾಲು ಹಾಕುತ್ತಿದ್ದ.

ಮತ್ತೆ ಬಂಡೆಗೆ ಬೆನ್ನು ಕೊಟ್ಟ. ಬಲಗಾಲಿಟ್ಟ. ಎಡಗಾಲೆಳೆದ. ಒಂದು, ಎರಡು. ಹತ್ತಕ್ಕೆ ಸೊಂಟ ಹಿಡಿಯಿತು. ಮೂವತ್ತಕ್ಕೆ ತೊಡೆ ಉರಿಯಿತು. ನಲವತ್ತೈದಕ್ಕೆ ನಿಂತು ಕಣ್ಣೊರೆಸಿಕೊಂಡ. ಅರವತ್ತು ಮುಗಿದಾಗ ಹಳೆಯ ಲೆಕ್ಕದ ಅರ್ಧ ದೂರವೂ ಆಗಿರಲಿಲ್ಲ. ಬಲಗಡೆ, ಮೊಣಕಾಲೆತ್ತರದಲ್ಲಿ ಬಿರುಕು.

ಸೈಕಲ್ ಟ್ಯೂಬು ಸುತ್ತಿದ ಸ್ಟೀಲ್ ಡಬ್ಬಿ. ಒಳಗೆ ಉಡದ ಸೀಲು, ಒಣಗಿದ ಇಂಕ್ ಪ್ಯಾಡು, ಪುಸ್ತಕ. ವರ್ಷಕ್ಕೊಂದು ಹಾಳೆ. ಪ್ರತಿ ಹಾಳೆಗೂ ನಡುವೆ ಪೆನ್ಸಿಲಿನ ಗೆರೆ. ಎಡಗಡೆ ಮುಳ್ಳುಹಂದಿ, ತಾರೀಕು. ಬಲಗಡೆ ಖಾಲಿ. ಎಂಟನೆಯ ಹಾಳೆಯಲ್ಲಿ ಮಾತ್ರ ಎರಡು ಸಾಲು: 'ಈ ಸಲ ಹತ್ತುವುದು ಕಷ್ಟವಾಯಿತು. ಡಬ್ಬಿ ಕೆಳಗಿಡಬಹುದಿತ್ತು. ಜಾಗ ಬದಲಾದರೆ ದೇವನಿಗೆ ಸಿಗುವುದಿಲ್ಲ.'

ಪ್ರೇಮಾ ಓದಿ ಪುಸ್ತಕವನ್ನು ಅವನ ಕೈಗಿಟ್ಟಳು. "ಅವ್ರ ನಡಿಗೆ ನಂಗೊತ್ತಿತ್ತು. ನಿಮ್ಗೇ ಹೊಳೀಲಿ ಅಂತ ಬಾಯಿ ಬುಡ್ಲಿಲ್ಲ. ಆ ಕಡೆ ಕಮರಿ ಅದೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ತಪ್ಪು ನಿಂದಲ್ಲ ಬುಡವ್ವ."

ದೊಡ್ಡಮಾದಮ್ಮ ಪಾಪಾಸುಕಳ್ಳಿಯ ಹಣ್ಣು ತಂದು ಕಲ್ಲಿನ ಮೇಲೆ ಜಜ್ಜಿದಳು. "ಇಂಕು ತಕ್ಕೊ. ಬಟ್ಟೆಗಾದ್ರೆ ಓಗದಿಲ್ಲ." ದೇವರಾಜು ಟೂಲ್ ಬ್ಯಾಗಿನಿಂದ ಮರಕುಟಿಗನನ್ನು ತೆಗೆದ. ಮೊದಲು ಉಡವನ್ನು ಅದ್ದಿ ತನ್ನ ಹಳೆಯ ಪುಸ್ತಕಕ್ಕೆ ಒತ್ತಿದ. ಆಮೇಲೆ ಡಬ್ಬಿಯ ಪುಸ್ತಕದ ಎಂಟು ಖಾಲಿ ಜಾಗಗಳನ್ನು ಒಂದೊಂದಾಗಿ ನೋಡಿದ. ಯಾವುದನ್ನೂ ಮುಟ್ಟಲಿಲ್ಲ. ಹೊಸ ಹಾಳೆ ತಿರುವಿ, ನಡುವೆ ಗೆರೆ ಎಳೆದು, ಬಲಗಡೆ ಒತ್ತಿದ. ಕಡುಗೆಂಪು ಮರಕುಟಿಗ.

"ಅವನ್ನೂ ತುಂಬ್ಬೋದಲ್ಲ?" ಅಂದಳು ಪ್ರೇಮಾ.

"ಆ ಎಂಟು ಸಲ ನಾ ಬರ್ಲಿಲ್ವಲ್ಲ."

"ಅಪ್ಪನ ಸೀಲು ನನ್ನ ಬ್ಯಾಗಲ್ಲದೆ. ಎಡಗಡೆ ಒತ್ಲಾ?"

"ಬ್ಯಾಡ ಕನವ್ವ. ಅವ್ನು ನನ್ನ ಜಾಗ ಖಾಲಿ ಬುಟ್ಟಿದ್ನಲ್ಲ. ಇದು ಅವ್ನಿಗಿರ್ಲಿ."

ಪ್ರೇಮಾ ಅವ್ವನಿಗೆ ತೋರಿಸಲು ಹಾಳೆಗಳ ಫೋಟೋ ತೆಗೆದುಕೊಂಡಳು. ಡಬ್ಬಿ ಇದ್ದ ಕಡೆಗೇ ಹೋಯಿತು.

ಇಳಿಯುವಾಗ ಕಟ್ಟೆಯ ಹತ್ತಿರ ಬಿದಿರು ಲಟಕ್ಕೆಂದಿತು. ದೊಡ್ಡಮಾದಮ್ಮ ದೋಟಿ ಅಡ್ಡ ಹಿಡಿದು ಇಬ್ಬರನ್ನೂ ಹುಣಸೆ ಮರದ ಹಿಂದಕ್ಕೆ ತಳ್ಳಿದಳು. ಇಪ್ಪತ್ತು ಮಾರು ದೂರದಲ್ಲಿ ಒಂದು ಹೆಣ್ಣಾನೆ, ಅದರ ಹೊಟ್ಟೆಯಡಿಯಲ್ಲಿ ಮರಿ. ಸೊಂಡಿಲು ಎತ್ತಿ ಗಾಳಿ ಮೂಸಿತು. ಮೂವರೂ ಉಸಿರು ಬಿಗಿಹಿಡಿದರು. ಆನೆ ಮರಿಯನ್ನು ಮುಂದೆ ತಳ್ಳಿಕೊಂಡು ನೀರಿಗಿಳಿಯಿತು.

"ನಾಕೂವರೆ ಅಂದಿದ್ದೆ. ಐದಾಯ್ತು" ಎಂದು ಮುದುಕಿ ಊರು ಮುಟ್ಟುವವರೆಗೂ ಗೊಣಗಿದಳು. ಬೀಳ್ಕೊಡುವಾಗ ಮಾತ್ರ, "ಸಂಕ್ರಾಂತಿ ಆದ್ಮೇಲೆ ಬತ್ತೀಯಾ?" ಅಂದಳು.

"ಬತ್ತೀನಿ ಅಕ್ಕಾ."

ಬಸ್ ಸ್ಟಾಪಿನಲ್ಲಿ ದೇವರಾಜುವಿನ ತೊಡೆ ಇನ್ನೂ ಉರಿಯುತ್ತಿತ್ತು. ಅಂಗೈ ಹಣ್ಣಿನ ರಸದಿಂದ ಕೆಂಪಗಿತ್ತು. ಕೊಳ್ಳೇಗಾಲದ ಬಸ್ಸು ಬಂತು. ಪ್ರೇಮಾ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಮನೆಗೆ ಬಂದು ಅವ್ವಂಗೆ ನೀವೇ ಹೇಳ್ಬೇಕು. ಹತ್ತಿ ಮಾವ."

ಮುಂದಿನ ಬಸ್ಸಿಗೆ ಕಾಯದೆ ದೇವರಾಜು ಹತ್ತಿದ.