ತೋಡಾರಿನ ಸ್ವರ

ನವೆಂಬರ್ 20, ಗುರುವಾರ ಬೆಳಿಗ್ಗೆ 10.15ಕ್ಕೆ ನರಿಕೊಂಬಿನ ಭವ್ಯಶ್ರೀ ಬಂಟ್ವಾಳ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಫೋಟೋ ಹಾಕಿ ಯಾರೋ ಇನ್‌ಸ್ಟಾಗ್ರಾಮ್ ಖಾತೆ ತೆರೆದಿದ್ದರು. ಫೋಟೋದ ಹಿಂದೆ ಹೆಣ್ಣು ದನಿಯೊಂದು ತುಳು ಪಾಡ್ದನ ಹಾಡುತ್ತಿತ್ತು. ಕೇಳುಗರು ನಲವತ್ತೊಂದು ಸಾವಿರ.

"ನನಗೆ ಹಾಡ್ಲಿಕ್ಕೇ ಬರುವುದಿಲ್ಲ ಮೇಡಂ. ಆದಿತ್ಯವಾರ ನಿಶ್ಚಿತಾರ್ಥ ಉಂಟು. ಇದನ್ನು ನೋಡಿ."

ಅವಳ ಗೆಳತಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ನಿಶ್ಚಿತಾರ್ಥದ ಆಮಂತ್ರಣದ ಕೆಳಗೆ ಬೆಳ್ತಂಗಡಿಯ ಸಂದೇಶ್ ಎಂಬವನು ಬರೆದಿದ್ದ: 'ನಾಲ್ಕು ತಿಂಗಳು ನನ್ನೊಟ್ಟಿಗೆ ಮಾತಾಡಿದ್ದಿ. ಆದಿತ್ಯವಾರ ಬರ್ತೇನೆ. ನನ್ನೆದುರು ಬೇರೆಯವನ ಉಂಗುರ ಹಾಕು ನೋಡುವ.'

ಹುಡುಗಿಯ ಹೆಸರಿಗೆ ಮಸಿ ಬಳಿಯಲು ಈಗ ಮಸಿಯೇ ಬೇಡ, ಮೊಬೈಲ್ ಸಾಕು. ಇನ್‌ಸ್ಪೆಕ್ಟರ್ ರಾಫಿಯಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ವೆಂಕಪ್ಪನವರೊಂದಿಗೆ ಮಧ್ಯಾಹ್ನವೇ ಸಂದೇಶನ ಮನೆಗೆ ಹೋದರು.

"ಅದು ಅವಳಲ್ಲ ಮಾರಾಯ," ಎಂದರು ವೆಂಕಪ್ಪ.

"ಮನೆಯವರ ಹೆದರಿಕೆಗೆ ಹಾಗೆ ಹೇಳ್ತಾಳೆ. ಆ ಸ್ವರ ನನಗೆ ಗೊತ್ತುಂಟು."

ಅವಳ ತಂಟೆಗೆ ಹೋಗುವುದಿಲ್ಲವೆಂಬ ಮುಚ್ಚಳಿಕೆಗೆ ಸಹಿ ಹಾಕಲು ಅವನು ಒಪ್ಪಲಿಲ್ಲ. ಬಾಗಿಲ ಹಿಂದೆ ಹೊಸದಾಗಿ ಮಸೆದ ಕತ್ತಿಯಿತ್ತು. ಕತ್ತಿ ಊರಿನ ಎಲ್ಲ ಮನೆಗಳಲ್ಲೂ ಇರುತ್ತದೆ, ಆದರೂ ರಾಫಿಯಾಗೆ ಅಂದು ಊಟ ಸೇರಲಿಲ್ಲ. ಈ ಆದಿತ್ಯವಾರ ಇವನನ್ನು ಹಿಡಿದಿಡಬಹುದು, ಮುಂದಿನ ಆದಿತ್ಯವಾರಕ್ಕೆ ಏನು ಮಾಡುವುದು? ಆ ಸ್ವರದ ಒಡತಿಯನ್ನೇ ಅವನ ಮುಂದೆ ನಿಲ್ಲಿಸಬೇಕಿತ್ತು.

ಶುಕ್ರವಾರ ಸಂಜೆ ಖಾತೆಯ ಮೊಬೈಲ್ ನಂಬರ್ ಸಿಕ್ಕಿತು. ಸಿಮ್ ಇದ್ದದ್ದು ತೀರಿಕೊಂಡ ಯಾರದೋ ಹೆಸರಿನಲ್ಲಿ. ಟವರ್ ಮೂಡುಬಿದಿರೆ ಹತ್ತಿರದ ತೋಡಾರು. ಅದರ ಸುತ್ತ ಇನ್ನೂರು ಮನೆ. ಸಂದೇಶನಿಂದ ಪಡೆದ ಆ ಸ್ವರದ ವಾಯ್ಸ್ ಮೆಸೇಜ್‌ಗಳನ್ನು ವೆಂಕಪ್ಪ ಹತ್ತಾರು ಸಲ ಕೇಳಿದರು.

"ಮೇಡಂ, ಹಿಂದಿನಿಂದ ಕತ್ತರಿ ಕೇಳ್ತದೆ. ಬೀಡಿ ಎಲೆ ಕತ್ತರಿಸುವುದು. ನನ್ನ ಅಮ್ಮನೂ ಹಾಗೆಯೇ, ಎಷ್ಟು ಮಾತಾಡಿದರೂ ಕೈ ನಿಲ್ಲುವುದಿಲ್ಲ."

"ಕಟ್ಟಿದ ಬೀಡಿ ಎಲ್ಲಿ ಕೊಡ್ತಾರೆ?"

"ಬೀಡಿ ಕಂಪನಿಯ ಬ್ರಾಂಚಿನಲ್ಲಿ. ನಾಳೆ ಬೆಳಿಗ್ಗೆ ಕೊಡಲು ಅವಳು ಬರಲೇಬೇಕು."

ಶನಿವಾರ 9.40. ಮೂಡುಬಿದಿರೆ ಠಾಣೆಗೆ ತಿಳಿಸಿ, ಇಬ್ಬರೂ ಮಫ್ತಿಯಲ್ಲಿ ತೋಡಾರಿನ ಬೀಡಿ ಬ್ರಾಂಚಿನ ಎದುರು ನಿಂತರು. ಸಾಲಿನಲ್ಲಿ ಮೂವತ್ತು ಹೆಂಗಸರು. ರಾಫಿಯಾ ಖಾತೆಯ ಆ ನಂಬರ್ ಒತ್ತಿದರು. ಎಲ್ಲೂ ಸದ್ದಿಲ್ಲ. ಎರಡನೇ ಸಲವೂ ಇಲ್ಲ. ಇವತ್ತು ತಪ್ಪಿದರೆ ನಾಳೆ ಆದಿತ್ಯವಾರ. ಮೂರನೇ ಸಲ, ಐವತ್ತೈದರ ಹೆಂಗಸೊಬ್ಬಳು ತನ್ನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಚೀಲ ಒಳಗಿನಿಂದ ಗುಂಯ್‌ಗುಟ್ಟುತ್ತಿತ್ತು.

"ನನ್ನದೇ," ಎಂದಳು ಲೋಲಾಕ್ಷಿ ಎಂಬ ಆ ಹೆಂಗಸು, ಯಾರೂ ಕೇಳುವ ಮೊದಲೇ.

ವಶಪಡಿಸಿಕೊಂಡ ಫೋನಿನಲ್ಲಿ ಇನ್ನೊಂದು ಹಳೆಯ ಖಾತೆಯಿತ್ತು. ಅದರಲ್ಲಿ ಅವಳದೇ ಮುಖ, ಅದೇ ಹಾಡು. ನೋಡಿದವರು ಒಂಬತ್ತು ಜನ. ಕೆಳಗೆ ಒಂದೇ ಕಮೆಂಟ್: 'ಅಜ್ಜಿ, ಹೋಗಿ ಮಲಗಿ.'

"ಭವ್ಯಶ್ರೀಯ ಫೋಟೋ ಎಲ್ಲಿಂದ?"

"ಯಾರದ್ದೋ ಮದುವೆಯ ಫೋಟೋದಲ್ಲಿ ಸಿಕ್ಕಿತು. ಚಂದ ಕಂಡಳು."

"ಸಂದೇಶನಿಗೆ ಮದುವೆ ಆಗ್ತೇನೆ ಅಂತ ಯಾಕೆ ಹೇಳಿದ್ದು?"

"ಇಲ್ಲ ಅಂದರೆ ಅವನು ಹಾಡು ಕೇಳುವುದನ್ನು ಬಿಡ್ತಾನಲ್ಲ ಮೇಡಂ."

ಮಧ್ಯಾಹ್ನ 3.30ಕ್ಕೆ ಠಾಣೆಗೆ ಕರೆಸಿದ ಸಂದೇಶ್ ಅವಳನ್ನು ನೋಡಿ ನಕ್ಕುಬಿಟ್ಟ. "ಇವರಾ? ಹಾಗಾದರೆ ಹಾಡ್ಲಿ."

ಸಾಕ್ಷಿಗಳಾಗಿ ಕರೆಸಿದ್ದ ಪಂಚರಿಬ್ಬರ ಎದುರು ಲೋಲಾಕ್ಷಿ ಹಾಡಿದಳು. ಪಂಚನಾಮೆ ಬರೆಯುತ್ತಿದ್ದ ವೆಂಕಪ್ಪನವರ ಪೆನ್ನು ನಿಂತಿತು. ಎರಡನೇ ಸಾಲಿಗೆ ಸಂದೇಶನ ನಗು ಹೋಯಿತು. ಹಾಡು ಮುಗಿಯುವಷ್ಟರಲ್ಲಿ ಅವನು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕೇಳದೆಯೇ ಮುಚ್ಚಳಿಕೆಗೆ ಸಹಿ ಹಾಕಿದ. ರಾಫಿಯಾ ನರಿಕೊಂಬಿಗೆ ಫೋನ್ ಮಾಡಿದರು: "ಇನ್ನು ಅವನು ಬರುವುದಿಲ್ಲ. ನಾಳೆ ಹೆದರಬೇಡಿ."

ಪಂಚರಲ್ಲೊಬ್ಬರು ಬಿ.ಸಿ.ರೋಡಿನ ಬಟ್ಟೆ ವ್ಯಾಪಾರಿ ಉಮ್ಮರ್. ಹಾಡು ಮುಗಿದೊಡನೆ ಅವರು ತಾನೆಲ್ಲಿದ್ದೇನೆಂಬುದನ್ನೇ ಮರೆತು, "ಇನ್ನೊಂದು ಹಾಡಿ ಅಕ್ಕ," ಎಂದುಬಿಟ್ಟಿದ್ದರು.

4.20ಕ್ಕೆ ಬಂಧನ ದಾಖಲಾಯಿತು. ಪಂಚನಾಮೆಯನ್ನು ಓದಿ ಹೇಳಿದಾಗ ಲೋಲಾಕ್ಷಿ ಕೊನೆಯವರೆಗೂ ಕೇಳಿದಳು.

"ಅವರು ಇನ್ನೊಂದು ಹಾಡಿ ಅಂದದ್ದು ಇದರಲ್ಲಿ ಇಲ್ಲವಲ್ಲ ಮೇಡಂ?"

ರಾಫಿಯಾ ಪಂಚನಾಮೆಯನ್ನು ಮತ್ತೆ ವೆಂಕಪ್ಪನವರ ಕಡೆಗೆ ಸರಿಸಿದರು.

"ಅದನ್ನೂ ಬರ್ಕೊಳ್ಳಿ ವೆಂಕಪ್ಪ," ಎಂದರು.

ವೆಂಕಪ್ಪ ಬರೆದುಕೊಂಡರು.