ಮೂವತ್ತೊಂದನೇ ನಿಮಿಷ

"ಧ್ವನಿ ಸರಿಯಿಲ್ಲ ಅಂತ ಬರೆದವರು ಯಾರು?"

ಬಾಗಿಲ ಬಳಿ ಕೇಳಿದ ಆ ಸ್ವರಕ್ಕೆ ಅವಳ ಕೈಯಲ್ಲಿದ್ದ ಪೆನ್ನು ನಿಂತೇಹೋಯಿತು. ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಮೂರು ವರ್ಷ ಕಳೆದರೂ ಆ ಸ್ವರವನ್ನು ಅವಳು ಮರೆತಿರಲಿಲ್ಲ.

ಅವನೇ! ಅದೇ ಗಡ್ಡ, ಅದೇ ಹೆಗಲಚೀಲ. ಕೈಯಲ್ಲಿ ತನ್ನ ಸಾಕ್ಷ್ಯಚಿತ್ರದ ಇನ್ನೊಂದು ಪ್ರತಿ.

"ನಾನೇ ಬರೆದದ್ದು," ಎಂದಳು.

ಅವಳನ್ನು ಕಂಡದ್ದೇ ತಡ, ಅವನ ಸಿಟ್ಟೆಲ್ಲ ಇಳಿದುಹೋಯಿತು.

"ನೀನು... ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಯಾಕೆ? ಓಡ್ತಾ ಬಿದ್ದವರು ಕೆಲಸ ಮಾಡಬಾರದಾ?"

ಅದು ಕ್ರೀಡಾ ಸಾಕ್ಷ್ಯಚಿತ್ರಗಳ ಉತ್ಸವದ ಕಚೇರಿ. ಆರು ದಿನ, ನಲವತ್ತು ಚಿತ್ರ. ತೆರೆಗೆ ಹೋಗುವ ಮುನ್ನ ಪ್ರತಿಯೊಂದು ಚಿತ್ರದ ಪ್ರತಿಯನ್ನು ಪರೀಕ್ಷಿಸಿ ಸಹಿ ಹಾಕುವುದು ಅವಳ ಕೆಲಸ. ಎಲ್ಲವನ್ನೂ ಪೂರ್ತಿ ನೋಡುತ್ತ ಕೂರಲು ಪುರುಸೊತ್ತೆಲ್ಲಿ? ಮೊದಲ ಐದು ನಿಮಿಷ, ನಡುವಿನ ಐದು, ಕೊನೆಯ ಐದು. ಕಚೇರಿಯಲ್ಲಿ ಅದಕ್ಕೆ 'ತಲೆ, ನಡು, ಬಾಲ' ಎಂದೇ ಹೆಸರು.

ನಿನ್ನೆ ಅವನ ಚಿತ್ರದ 'ತಲೆ'ಯಲ್ಲಿ ಅವಳು ಕಂಡದ್ದು ತನ್ನನ್ನೇ! ಎಂಟುನೂರು ಮೀಟರ್ ಓಟ. ಎಲ್ಲರಿಗಿಂತ ಮುಂದೆ ಅವಳು. ಗುರಿಗೆ ಇನ್ನು ಬರೀ ನೂರು ಮೀಟರ್... ಆಗ ಬಲಗಾಲು ಮಡಚಿಕೊಂಡಿತು. ಮುಖ ಅಡಿಯಾಗಿ ಬಿದ್ದಳು.

ಅಲ್ಲಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು, ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. ಧ್ವನಿ ಸ್ವಚ್ಛವಾಗಿತ್ತು, ಚಿತ್ರ ಸ್ವಚ್ಛವಾಗಿತ್ತು. ಆದರೂ ನಮೂನೆಯಲ್ಲಿ ಬರೆದಳು: 'ಧ್ವನಿ ದೋಷ. ಪ್ರದರ್ಶನಕ್ಕೆ ಯೋಗ್ಯವಲ್ಲ.' ನೌಕರಿಗೆ ಸೇರಿದ ಮೇಲೆ ಅವಳು ಬರೆದ ಮೊದಲ ಸುಳ್ಳು ಅದು.

"ಇವತ್ತು ನಾಲ್ಕು ಗಂಟೆಗೆ ಆರುನೂರು ಜನರ ಮುಂದೆ ನಾನು ಇನ್ನೊಂದು ಸಲ ಬೀಳಬೇಕಾ? ಅವತ್ತು ಕ್ಯಾಮೆರಾ ಆಫ್ ಮಾಡಿ ಅಂತ ಬಾಯಿ ಬಡಕೊಂಡೆ. ಮಾಡಿದ್ರಾ? ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ತೆಗೀತಾನೇ ಇದ್ರಿ! ಬಂದು ಎತ್ತಬೇಕು ಅಂತ ಅನ್ನಿಸಲೇ ಇಲ್ವಾ?"



"ಚಿತ್ರ ಪೂರ್ತಿ ನೋಡಿದ್ರಾ?" ಎಂದು ಮಾತ್ರ ಅವನು ಕೇಳಿದ.

"ನೋಡೋಷ್ಟು ನೋಡಿದೆ."

ಅವನು ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಎಳೆದುಕೊಂಡು, ನಿಂತಲ್ಲೇ ಎರಡು ಸಾಲು ಗೀಚಿದ. ಚಿತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು.

"ನಿಮಗೆ ಬೇಡ ಅಂದ್ರೆ ಯಾರಿಗೂ ಬೇಡ. ನಾನು ಒಂದೂವರೆಯ ಬಸ್ಸಿಗೆ ಹೊರಡ್ತೀನಿ," ಎಂದು ಹೇಳಿ ಹೊರಟೇಹೋದ.

ಗೆದ್ದೆ ಎಂದುಕೊಳ್ಳಬೇಕಿತ್ತು. ಆದರೆ ಎದೆ ಯಾಕಿಷ್ಟು ಭಾರ?

ಆ ಓಟಕ್ಕೆ ಮೊದಲು ಆರು ತಿಂಗಳು ಅವನು ದಿನಾ ಬೆಳಿಗ್ಗೆ ಮೈದಾನಕ್ಕೆ ಬರುತ್ತಿದ್ದ, ಅವಳ ಅಪ್ಪನ ಮೇಲೆ ಚಿತ್ರ ಮಾಡಲು. ಅಪ್ಪನೇ ಅವಳ ಕೋಚ್. "ಏನಪ್ಪಾ ಗಡ್ಡ, ನನ್ನ ಚಿತ್ರ ತೆಗೆಯೋಕೆ ಬಂದಿದ್ದೀಯೋ, ನನ್ನ ಮಗಳದ್ದೋ?" ಎಂದು ಅಪ್ಪ ಕಾಲೆಳೆದಾಗ ಇಬ್ಬರೂ ಕೆಂಪಾಗಿದ್ದರು. ಇಬ್ಬರಿಗೂ ಎಲ್ಲ ಗೊತ್ತಿತ್ತು... ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಹತ್ತು ನಿಮಿಷದಲ್ಲಿ ಉತ್ಸವದ ನಿರ್ದೇಶಕಿ ಆ ಹಾಳೆಯನ್ನು ಹಿಡಿದು ಬಂದರು. ಅರವತ್ತು ದಾಟಿದ ಹೆಂಗಸು, ಎಲ್ಲರ ಪಾಲಿಗೂ 'ಮೇಡಂ'.

"ಏನೇ ಇದು? ಆಯ್ಕೆ ಮಾಡೋವಾಗ ಎರಡು ಸಲ ನೋಡಿದ್ದೀನಿ ನಾನು. ಧ್ವನಿ ಚೆನ್ನಾಗೇ ಇತ್ತು. ನನ್ನ ಕಿವಿಯೇನು ಬಾಡಿಗೆಗೆ ಕೊಟ್ಟಿದ್ನಾ?"

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಮೇಡಂ. ಸುಳ್ಳು ಬರೆದೆ. ಅದರಲ್ಲಿ ಬೀಳೋಳು... ನಾನೇ."

"ಗೊತ್ತು ಕಣೇ. ನೀನಾಗಿ ಹೇಳ್ತೀಯೇನೋ ಅಂತ ಸುಮ್ಮನಿದ್ದೆ." ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟರು. "ಸುಳ್ಳು ಬರೆದಿದ್ದಕ್ಕೆ ಆಮೇಲೆ ಬೈತೀನಿ, ಬಿಡಲ್ಲ. ಈಗ ಹೋಗಿ ಪೂರ್ತಿ ನೋಡು. ಆಮೇಲೂ ಬೇಡ ಅನ್ನಿಸಿದ್ರೆ ನಾನೇ ಪಟ್ಟಿಯಿಂದ ತೆಗೀತೀನಿ."

ಪರೀಕ್ಷಾ ಕೊಠಡಿಯ ಬಾಗಿಲು ಮುಚ್ಚಿ ಅವಳು ಒಬ್ಬಳೇ ಕೂತಳು.

ಅಂದು ಬಿದ್ದಲ್ಲಿಂದ ಅವಳು ಮೊದಲು ನೋಡಿದ್ದು ಗ್ಯಾಲರಿಯ ಕಡೆಗೆ, ಅಪ್ಪನನ್ನು. ಅಪ್ಪನ ಕುರ್ಚಿ ಖಾಲಿ! ಸೋತ ಮಗಳಿಗೆ ಬೆನ್ನು ತೋರಿಸಿ ಹೋಗಿಬಿಟ್ಟ ಅಪ್ಪ ಆಮೇಲೆ ಎರಡು ವರ್ಷ ಬದುಕಿದ್ದ. ಆ ಓಟದ ಬಗ್ಗೆ ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಊಟ, ಔಷಧಿ, ದಿನಪತ್ರಿಕೆ... ಅಷ್ಟೇ ಮಾತು. 'ನನ್ನ ಮುಖ ನೋಡೋಕೂ ಅಪ್ಪನಿಗೆ ಅಸಹ್ಯ' ಎಂಬ ನೋವು ಅಪ್ಪ ಹೋದ ಮೇಲೂ ಅವಳಲ್ಲೇ ಉಳಿಯಿತು.

ಮೂವತ್ತೊಂದನೇ ನಿಮಿಷ. ತೆರೆಯ ಮೇಲೆ ಗ್ಯಾಲರಿಯ ಹಿಂಭಾಗ. ಗೆದ್ದವಳ ಸುತ್ತಲಿನ ಕೂಗು ದೂರದಿಂದ ಕೇಳಿಸುತ್ತಿದೆ. ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ಕೂತಿದ್ದಾನೆ.

ಅಪ್ಪ!

"ಬೆಳಿಗ್ಗೆನೇ ಅವಳ ಕಾಲು ಊದಿತ್ತು ಕಣಪ್ಪಾ," ಅಪ್ಪ ಬಿಕ್ಕುತ್ತಿದ್ದ. "ಏನೂ ಆಗಿಲ್ಲ ಅಪ್ಪ ಅಂದಳು. ನಂಬಿದವನ ಹಾಗೆ ಪಟ್ಟಿ ಕಟ್ಟಿ ಓಡಿಸಿದೆ. ಅಪ್ಪ ಆಗಿದ್ದಿದ್ರೆ ಓಡಿಸ್ತಿದ್ನಾ? ಕೋಚ್ ಆಗಿಬಿಟ್ಟೆ. ಅವಳು ಬಿದ್ದಾಗ ನೋಡೋಕಾಗ್ದೆ ಎದ್ದು ಬಂದೆ... ಇನ್ನು ಯಾವ ಮುಖ ಇಟ್ಕೊಂಡು ಅವಳ ಮುಂದೆ ನಿಲ್ಲಲಿ?"

ಚೌಕಟ್ಟಿನೊಳಗೆ ಬಂದ ಅವನ ಕೈ ಇನ್ನೊಂದು ಕ್ಯಾಮೆರಾದ ಪುಟ್ಟ ಪರದೆಯನ್ನು ಅಪ್ಪನತ್ತ ತಿರುಗಿಸಿತು. ಅದರೊಳಗೆ ಅವಳು. ಕೈಯೂರಿ ಏಳುತ್ತಾಳೆ, ಕುಂಟುತ್ತಾಳೆ, ಮತ್ತೆ ಮುಗ್ಗರಿಸುತ್ತಾಳೆ, ಎಂಟನೆಯವಳಾಗಿ ಗೆರೆ ದಾಟುತ್ತಾಳೆ.

"ಎದ್ದಳಾ?" ಅಪ್ಪ ಕಣ್ಣೊರೆಸಿಕೊಂಡು ಪರದೆಗೆ ಮುಖ ಹತ್ತಿರ ಮಾಡಿದ. "ನನ್ನ ಮಗಳು... ಎದ್ದು ಮುಗಿಸಿದಳಾ? ಇನ್ನೊಂದು ಸಲ ತೋರಿಸಪ್ಪಾ."

ಮತ್ತೆ ನೋಡಿದ. ಮತ್ತೆ... ಐದು ಸಲ ನೋಡಿದ!

"ನಾನು ಅತ್ತಿದ್ದು ಅವಳಿಗೆ ಗೊತ್ತಾಗಬಾರದು. ನಾನಿರೋವರೆಗೂ ಇದನ್ನ ಯಾರಿಗೂ ತೋರಿಸಬೇಡ. ಆಣೆ ಮಾಡು."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ತಡೆಯಲಾಗಲಿಲ್ಲ. "ಅಪ್ಪಾ... ಹೇಳಬಾರದಿತ್ತಾ ಅಪ್ಪಾ!" ಎಂದು ಆ ಖಾಲಿ ಕೊಠಡಿಯಲ್ಲಿ ಗಟ್ಟಿಯಾಗಿ ಅತ್ತಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕುಂಟುವ ಹೆಜ್ಜೆ ಕೇಳಿ ತಟ್ಟನೆ ಎದ್ದ. ಓಡಬಾರದು ಎಂದು ಡಾಕ್ಟರು ಹೇಳಿದ್ದ ಕಾಲಿನಲ್ಲಿ ಅವಳು ಓಡಿಬಂದಿದ್ದಳು.

"ಪೂರ್ತಿ ನೋಡಿದೆ," ಎಂದಳು ಏದುಸಿರಿನಲ್ಲಿ. "ಯಾಕೆ ಹೇಳಲಿಲ್ಲ?"

"ಅವರಿರೋವರೆಗೂ ಆಣೆ ಇತ್ತು. ಅವರು ಹೋದ ಮೇಲೆ ಮನೆಗೆ ಬಂದೆ, ನೀನು ಬಾಗಿಲು ಹಾಕಿಕೊಂಡೆ. ನಾನು ಎರಡು ಪತ್ರ ಬರೆದೆ."

ಒಡೆಯದೆ ಎಸೆದ ಆ ಎರಡು ಲಕೋಟೆಗಳು ಅವಳ ಕಣ್ಣ ಮುಂದೆ ಬಂದವು.

"ಇವತ್ತು ಬೆಳಿಗ್ಗೆನಾದ್ರೂ ಹೇಳಬಹುದಿತ್ತಲ್ಲ?"

"ನನ್ನ ಚಿತ್ರ ಉಳಿಸಿಕೊಳ್ಳೋಕೆ ನಿನ್ನಪ್ಪನ ಕಣ್ಣೀರು ಮುಂದಿಡಲಾ? ನನ್ನಿಂದ ಆಗಲಿಲ್ಲ. ಅದೂ ಅಲ್ಲದೆ, ನಿನ್ನ ಒಪ್ಪಿಗೆ ಇಲ್ಲದೆ ಇಲ್ಲಿಗೆ ಕಳಿಸಿದ್ದು ನನ್ನದೇ ತಪ್ಪು."

ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಅವತ್ತು... ನನ್ನನ್ನ ಯಾಕೆ ಎತ್ತಲಿಲ್ಲ?"

"ಮುಟ್ಟಿದ್ರೆ ನಿನ್ನ ಓಟ ಅಲ್ಲಿಗೇ ಮುಗೀತಿತ್ತು. ಹೊರಗಿನವರು ಹಿಡಿದ್ರೆ ಅನರ್ಹ ಅಂತ ನಿನ್ನಪ್ಪನೇ ನನಗೆ ಹೇಳಿಕೊಟ್ಟಿದ್ದು. ನಾಲ್ಕು ಹೆಜ್ಜೆ ದೂರದಲ್ಲಿ ನಾನು ಹೇಗೆ ನಿಂತಿದ್ದೆ ಅಂತ ನನಗೇ ಗೊತ್ತು. ನೀನು ಏಳ್ತೀಯ ಅಂತ ನಂಬಿಕೆ ಇತ್ತು. ಅದನ್ನ ನೋಡೋಕೆ ಒಬ್ಬರಾದ್ರೂ ಇರಬೇಕಲ್ಲ!"

ಓಟದ ನಿಯಮ ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ನೋವು ಅದನ್ನು ನೆನಪಿಸಿಕೊಳ್ಳಲು ಬಿಡಲಿಲ್ಲ, ಅಷ್ಟೇ. ಪಾಪ, ಅವನನ್ನು ಎಷ್ಟು ಶಪಿಸಿದ್ದಳು!

"ನನ್ನನ್ನ ಕ್ಷಮಿಸ್ತೀಯಾ?" ಎಂದಳು.

"ಪ್ರೀತಿಸ್ತೀನಿ. ಮೊದಲು ಅದನ್ನ ಕೇಳು. ಮೂರು ವರ್ಷ ತಡವಾಗಿದೆ."

ಅವಳು ಅಳುತ್ತಲೇ ಅವನ ಕೈಯಿಂದ ಚೀಲ ಕಿತ್ತುಕೊಂಡಳು. "ನನಗೇನು ಗೊತ್ತಿಲ್ವಾ? ನಡಿ. ನಾಲ್ಕು ಗಂಟೆಗೆ ಚಿತ್ರ ಇದೆ, ನಾನಿನ್ನೂ ಸಹಿ ಹಾಕಬೇಕು."

ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಕೊನೆಯ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ದೀಪ ಆರಿತು. ತೆರೆಯ ಮೇಲೆ ಅವಳು ಓಡಿದಳು... ಬಿದ್ದಳು. ಆರುನೂರು ಜನ ಒಮ್ಮೆಲೇ 'ಅಯ್ಯೋ' ಎಂದರು.

ಅವನು ಅವಳ ಕೈ ಹಿಡಿದುಕೊಂಡ.

"ಕಷ್ಟ ಆಗ್ತಿದೆಯಾ?" ಎಂದು ಪಿಸುಗುಟ್ಟಿದ. "ಹೊರಗೆ ಹೋಗೋಣ್ವಾ?"

"ಬೇಡ," ಎಂದಳು ಅವಳು, ತೆರೆಯಿಂದ ಕಣ್ಣು ಕೀಳದೆ. "ಅಪ್ಪ ಇನ್ನೂ ಬರಬೇಕು."