ಕೋ ಟೀಚರ್ ಅವರ ಎಡಪಾದ

ಮಾರ್ಚ್ ಹನ್ನೊಂದರ ಬೆಳಿಗ್ಗೆ ತೈನಾನ್ ನಗರದ ಆನ್‌ಪಿಂಗ್ ಠಾಣೆಗೆ ಪೇ-ಶಾನ್ ಎಂಬ ಹೆಂಗಸು ದೂರು ತಂದಳು. ಆಕೆಯ ಅತ್ತೆ, ನಿವೃತ್ತ ವಿಜ್ಞಾನ ಶಿಕ್ಷಕಿ ಕೋ ಬೀ-ಯೂ ಅವರ ಎಡಪಾದವನ್ನು ಯಾರೋ ಸುಟ್ಟಿದ್ದರು. ಆಸ್ಪತ್ರೆಯಲ್ಲಿ ಪಾದವನ್ನೇ ತೆಗೆಯಬೇಕಾಯಿತು. ಸುಟ್ಟವರು ಯಾರೆಂದು ಮಾತ್ರ ಅತ್ತೆ ಬಾಯಿ ಬಿಡುತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ತೂ ಜಿನ್-ಫಾ ಎಫ್‌ಐಆರ್ ದಾಖಲಿಸಿಕೊಂಡು ಕೇಳಿದರು:

"ಮನೇಲಿ ಇನ್ಯಾರಿದಾರೆ?"

"ನಾವಿಬ್ರೇ ಸರ್. ನಮ್ಮನೆಯವ್ರು ಹಡಗಲ್ಲಿ ಕೆಲಸಕ್ಕಿದಾರೆ."

"ಅತ್ತೆ ಸೊಸೆ ಹೊಂದ್ಕೊಂಡಿದೀರಾ?"

"ದೂರು ಕೊಡ್ತಿರೋದು ನಾನು ಸರ್."

"ಅದಕ್ಕೇ ಮೊದ್ಲು ನಿಮ್ಮನ್ನೇ ಕೇಳ್ತಿರೋದು. ಬಿಸಿನೀರು ಕಾಯಿಸಿದ್ಯಾರು?"

ಅದೇ ಮಧ್ಯಾಹ್ನ ಅಡುಗೆಮನೆಯ ಪಂಚನಾಮೆಯಾಯಿತು. ಕೆಟಲ್, ಬಾಣಲೆ, ಇಸ್ತ್ರಿಪೆಟ್ಟಿಗೆ ಜಪ್ತಿಯಾದವು. ಗಲ್ಲಿಯವರು ಬಾಗಿಲಲ್ಲಿ ನಿಂತು ನೋಡಿದರು. ಸಂಜೆ ಪೇ-ಶಾನ್ ಕರೆದರೂ ಚಿಪ್ಪುಮೀನು ಮಾರುವವಳು ತಿರುಗಿ ನೋಡದೆ ಮುಂದೆ ಹೋದಳು.

ಮರುದಿನ ಪೇದೆ ಸುಂಗ್ ಆಸ್ಪತ್ರೆಯಿಂದ ಶಸ್ತ್ರವೈದ್ಯರ ವರದಿ ತಂದಳು. ಸುಟ್ಟ ಗಾಯ ಮೇಲೆ ಹರಡದೆ, ನಾಣ್ಯದಷ್ಟು ಅಗಲಕ್ಕೆ ಮೂಳೆಯವರೆಗೆ ಇಳಿದಿತ್ತು. ಮಾಂಸದಲ್ಲಿ ಚಿನ್ನದ ಅಂಶ ಸಿಕ್ಕಿತ್ತು.

"ಚಿನ್ನಾನಾ?" ಎಂದರು ತೂ.

"ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಅಂತೆ ಸರ್. ಗಾಯಕ್ಕೆ ಹಚ್ಚಿ ಲೇಸರ್ ಬಿಟ್ರೆ ಕಣ ಕಾಯುತ್ತೆ, ಆ ಶಾಖಕ್ಕೆ ಸೋಂಕು ಸಾಯುತ್ತೆ. ಕ್ಯಾನ್ಸರ್ ಗಡ್ಡೇನೂ ಹೀಗೇ ಸುಡಬಹುದಂತೆ. ಆದ್ರೆ ಗಾಯಕ್ಕೆ ಹಚ್ಚೋದು ಇನ್ನೂ ಇಲಿಗಳ ಮೇಲಷ್ಟೇ ನಡೀತಿದೆಯಂತೆ." ಸುಂಗ್ ಮೇಜಿನ ಮೇಲಿದ್ದ ಜಪ್ತಿ ಸಾಮಾನಿನ ಕಡೆ ನೋಡಿದಳು. "ಕೆಟಲ್ ವಾಪಸ್ ಕೊಟ್ಬಿಡೋಣ್ವಾ ಸರ್? ಪಾಪ, ಆಕೆ ಚಹಾನಾದ್ರೂ ಕುಡೀಲಿ."

ತೂ ಅವರ ಮುಖ ಕೆಂಪಾಯಿತು. ಕೆಟಲನ್ನು ತಾವೇ ಕೈಯಲ್ಲಿ ಹಿಡಿದು ಹೋಗಿ ಕೊಟ್ಟರು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

ನಗರದಲ್ಲಿ ಈ ಪ್ರಯೋಗ ನಡೆಯುತ್ತಿದ್ದದ್ದು ಒಂದೇ ಪ್ರಯೋಗಾಲಯದಲ್ಲಿ. ಅದರ ಮುಖ್ಯಸ್ಥ ಡಾ. ಯೆನ್ ಮಿಂಗ್-ತಾಂಗ್, ಕೋ ಟೀಚರ್ ಅವರ ಹಳೆಯ ಶಿಷ್ಯ. ಹಿಂದಿನ ವರ್ಷ ಟೀವಿಯಲ್ಲಿ, "ಇನ್ನು ಸಕ್ಕರೆ ಕಾಯಿಲೆಯವರು ಕಾಲು ಕಳಕೊಳ್ಳಬೇಕಿಲ್ಲ" ಎಂದು ಹೇಳಿ ಹೆಸರಾಗಿದ್ದ. ಒಂದು ಭಾನುವಾರ ಅವನೇ ಲೇಸರ್ ಯಂತ್ರವನ್ನು ಹೊರಗೆ ಒಯ್ದನೆಂದು ಕಾವಲುಗಾರ ಹೇಳಿಕೆ ಕೊಟ್ಟ.

"ಯಂತ್ರ ಎಲ್ಲಿಗೆ ತಗೊಂಡು ಹೋಗಿದ್ರಿ ಡಾಕ್ಟ್ರೇ?" ಪ್ರಯೋಗಾಲಯಕ್ಕೆ ಬಂದ ತೂ ಕೇಳಿದರು.

ಯೆನ್ ಕೈಗವಸು ಬಿಚ್ಚಿದ. "ಟೀಚರ್ ಮನೆಗೆ."

"ಅವರ ಸೊಸೇನ ನಾವು ವಿಚಾರಿಸಿದ್ದು ಗೊತ್ತಿತ್ತಾ?"

"ಗಲ್ಲೀಲಿ ಎಲ್ಲರಿಗೂ ಗೊತ್ತಿತ್ತು."

"ಆದ್ರೂ ಸುಮ್ನಿದ್ರಿ."

"ಹೂಂ."

ಅನುಮತಿಯಿಲ್ಲದೆ ಚಿಕಿತ್ಸೆ ಮಾಡಿ ತೀವ್ರ ಗಾಯಪಡಿಸಿದ ಆರೋಪದ ಮೇಲೆ ಅವನನ್ನು ಅಲ್ಲೇ ಬಂಧಿಸಲಾಯಿತು. ಠಾಣೆಯಲ್ಲಿ ಅವನು ತಲೆ ಎತ್ತದೆ ಹೇಳಿಕೆ ಕೊಟ್ಟ.

"ಇಲಿಗಳಲ್ಲೂ ಕೆಲವು ಸುಟ್ಟಿದ್ವು. ಟೀವೀಲಿ ಅದನ್ನ ಹೇಳ್ಲಿಲ್ಲ. ಟೀಚರ್ ಕಾಲಲ್ಲಿ ಮಾಗದೇ ಇದ್ದ ಗಾಯ ತೋರಿಸಿ 'ನಿನ್ನ ಬೆಳಕು ಇದಕ್ಕೂ ಬಿಡೋ ತಾಂಗ್' ಅಂದ್ರು. ಇನ್ನೂ ಆಗಲ್ಲ ಟೀಚರ್ ಅನ್ಬೇಕಿತ್ತು. ಅವರ ಮುಂದೆ ಸುಳ್ಳುಗಾರ ಆಗೋಕೆ ನಾಚಿಕೆ ಆಯ್ತು. ಬಿಸಿ ತಾಗ್ತಿದ್ಯಾ ಅಂತ ಕೇಳ್ದೆ, ಇಲ್ಲ ಅಂದ್ರು. ಇನ್ನೂ ಜಾಸ್ತಿ ಮಾಡ್ದೆ."

ಸಕ್ಕರೆ ಕಾಯಿಲೆಯಿಂದ ಆ ಪಾದಕ್ಕೆ ಸ್ಪರ್ಶವೇ ಸತ್ತಿತ್ತು. ಮುಟ್ಟಿದರೆ ತಿಳಿಯುತ್ತದೆಯೇ ಎಂದು ಅವನು ಮೊದಲೇ ವಿಚಾರಿಸಿರಲಿಲ್ಲ.

ಕಡೆಯ ಹೇಳಿಕೆಗಾಗಿ ತೂ ಆಸ್ಪತ್ರೆಗೆ ಹೋದಾಗ ಪೇ-ಶಾನ್ ಅತ್ತೆಗೆ ಮೀನಿನ ಗಂಜಿ ತಿನ್ನಿಸುತ್ತಿದ್ದಳು.

"ಅವನ ತಪ್ಪಿಲ್ಲ. ನಾನೇ ಕರೆಸಿದ್ದು," ಎಂದರು ಟೀಚರ್. "ಗಾಯ ನಾರ್ತಿತ್ತು. ಹಳೇ ಮಕ್ಕಳು ನೋಡೋಕೆ ಬಂದ್ರೆ ಬಾಗಿಲು ತೆಗೀತಿರ್ಲಿಲ್ಲ."

"ನಿಮ್ಮ ಸೊಸೆ ಮೇಲೆ ಅನುಮಾನ ಬಂದಿದ್ದು ಗೊತ್ತಿತ್ತಾ ಟೀಚರ್?"

ಚಮಚ ನಿಂತಿತು. ಟೀಚರ್ ಗೋಡೆಯ ಕಡೆ ಮುಖ ತಿರುಗಿಸಿದರು.

"ಗೊತ್ತಿತ್ತು. ಅವನ ಹೆಸರು ಹಾಳಾಗೋದಕ್ಕಿಂತ ಅದೇ ವಾಸಿ ಅನ್ನಿಸ್ತು."

ತೂ ಬರೆಯುವುದನ್ನು ನಿಲ್ಲಿಸಿದರು. ಪೇ-ಶಾನ್ ಬಟ್ಟಲನ್ನು ಕೆಳಗಿಟ್ಟು ಕಿಟಕಿಯ ಬಳಿ ಹೋಗಿ ನಿಂತಳು. ಬಹಳ ಹೊತ್ತಿನ ಮೇಲೆ ಬಂದು ಕುಳಿತು ಚಮಚ ಎತ್ತಿಕೊಂಡಳು.

"ಈ ಕಡೆ ತಿರುಗಿ ಅತ್ತೆ. ಗಂಜಿ ಆರೋಗ್ತಿದೆ."

ಟೀಚರ್ ತಿರುಗಲಿಲ್ಲ.